ಆಮ್‌ಸ್ಟರ್‌ಡ್ಯಾಮಿನಲ್ಲಿ ಸಿಕ್ಕ ಕಂಗು

ಆಮ್‌ಸ್ಟರ್‌ಡ್ಯಾಮ್
ಶುಕ್ರವಾರ ರಾತ್ರಿ

ತೀರ್ಥರೂಪ ಅಪ್ಪಯ್ಯನಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಚಳಿ ಜೋರು, ಆಯಿ ಕಟ್ಟಿಕೊಟ್ಟ ಶಾಲು ಮೈಬಿಟ್ಟು ಇಳಿದಿಲ್ಲ. ಮೊದಲು ನೀವು ಕಾಯುತ್ತಿರುವ ಸುದ್ದಿ ಹೇಳಿಬಿಡುತ್ತೇನೆ. ‘ಹೊರ್ಟುಸ್ ಮಲಬಾರಿಕುಸ್’ ಎಂಬ ಹಳೆಯ ಸಸ್ಯಗ್ರಂಥದ ಒಂದು ಹಾಳೆ ಸಿಕ್ಕಿತು. ಅದೂ ಕಂಗಿನದು! ನಮ್ಮ ತೋಟದ ಅಡಿಕೆ ಮರವೇ.

ಇಲ್ಲಿ ಸ್ಪೌ ಅನ್ನುವ ಚೌಕದಲ್ಲಿ ಪ್ರತಿ ಶುಕ್ರವಾರ ಹಳೆ ಪುಸ್ತಕದವರ ಸಂತೆ. ಬೆಳಿಗ್ಗೆಯೇ ಹೋದೆ. ಪುಸ್ತಕಗಳ ಜೊತೆಗೆ ಬಿಡಿ ಚಿತ್ರಗಳನ್ನು ಪೆಟ್ಟಿಗೆಗಳಲ್ಲಿ ನಿಲ್ಲಿಸಿಟ್ಟಿರುತ್ತಾರೆ: ಭೂಪಟ, ಹಡಗು, ಟ್ಯೂಲಿಪ್. ಮೂರನೇ ಅಂಗಡಿಯ ಪೆಟ್ಟಿಗೆಯಲ್ಲಿ ಟ್ಯೂಲಿಪ್ಪುಗಳ ಹಿಂದೆ ಅಡಿಕೆ ಗೊನೆ ಕಂಡಾಗ ನನ್ನ ಕೈ ನಡುಗಿತು ಅಪ್ಪಯ್ಯ.

ಆದರೂ ಅವಸರ ಮಾಡಲಿಲ್ಲ. ಕೊಚ್ಚಿಯ ಅಂಗಡಿಯೊಂದರಿಂದ ನೀವು ಹಳೆಯದೆಂದು ನಂಬಿ ತಂದ ದಾಸವಾಳದ ಚಿತ್ರ ಭೂತಗನ್ನಡಿಯ ಕೆಳಗೆ ಬರೀ ಚುಕ್ಕಿ ಚುಕ್ಕಿಯಾಗಿ ಕಂಡದ್ದು, ನೀವು ಎರಡು ದಿನ ಯಾರ ಹತ್ತಿರವೂ ಮಾತಾಡದೆ ಕೂತದ್ದು ನನಗೆ ಮರೆತಿಲ್ಲ. ಹಾಗಾಗಿ ನೀವು ಹೇಳಿಕೊಟ್ಟಂತೆ ಮೊದಲು ಬೆರಳು ಆಡಿಸಿದೆ. ಒದ್ದೆ ಕಾಗದವನ್ನು ತಾಮ್ರದ ತಗಡಿನ ಮೇಲಿಟ್ಟು ಉರುಳೆಗಳ ನಡುವೆ ಹಾಯಿಸುವಾಗ ತಗಡಿನ ಅಂಚು ಒತ್ತಿದ ತಗ್ಗು ಚಿತ್ರದ ನಾಲ್ಕೂ ಕಡೆ ಕೈಗೆ ಹತ್ತಿತು. ನಕಲಿಗೂ ಆ ತಗ್ಗು ಒತ್ತುವವರಿದ್ದಾರೆ, ಅದಕ್ಕೇ ಹಾಳೆಯನ್ನು ಬೆಳಕಿಗೆ ಹಿಡಿದೆ. ಕೈಯಲ್ಲಿ ಮಾಡಿದ ಕಾಗದದ ಜಾಲರಿ ಗೆರೆಗಳು ಸಾಲಾಗಿ ಮೂಡಿದವು. ಭೂತಗನ್ನಡಿಯಲ್ಲಿ ಎಲ್ಲೂ ಚುಕ್ಕಿಯಿಲ್ಲ. ಒಂದೊಂದು ಅಡಿಕೆಯ ಉರುಟೂ ಬರೀ ಗೆರೆಗಳಿಂದಲೇ ಬಂದಿದೆ: ನೆರಳಿನ ಕಡೆ ದಪ್ಪ ಮತ್ತು ಒತ್ತೊತ್ತು, ಬೆಳಕಿನ ಕಡೆ ಕೂದಲಿನಷ್ಟು ಸಣ್ಣಗಾಗಿ ಮಾಯ. ನಡುವೆ ಮಡಿಕೆ, ಅಂಚಿನಲ್ಲಿ ಎರಡು ಕಂದು ಕಲೆ. ಅಷ್ಟೇ ದೋಷ.

ಪಕ್ಕದಲ್ಲಿ ಅದೇ ಗ್ರಂಥದ ಇನ್ನೊಂದು ಹಾಳೆಯಿತ್ತು, ಹಸಿರು ಬಣ್ಣ ಹಚ್ಚಿದ್ದು. ಬೆಲೆ ಹೆಚ್ಚು. ಈಚೆಗೆ ಯಾರೋ ಹಚ್ಚಿದ ಬಣ್ಣವೆಂದು ಅಂಗಡಿಯವನೇ ಒಪ್ಪಿಕೊಂಡ. ಅಷ್ಟು ನಾಜೂಕಾಗಿ ಕೊರೆದ ಗೆರೆಗಳನ್ನು ಬಣ್ಣ ನುಂಗಿಹಾಕಿತ್ತು. ಕಪ್ಪು ಬಿಳುಪಿನದೇ ಸಾಕೆಂದು 250 ಯೂರೊ ಕೊಟ್ಟು ತೆಗೆದುಕೊಂಡೆ. ಬೈಯಬೇಡಿ.

ಹಾಳೆಯ ಮೇಲೆ ಮರದ ಹೆಸರು ನಾಲ್ಕು ಲಿಪಿಗಳಲ್ಲಿದೆ: ರೋಮನ್, ಮಲಯಾಳ, ಅರಬ್ಬಿ, ನಾಗರಿ. ರೋಮನ್ ಅಕ್ಷರದಲ್ಲಿ ‘ಕೌಂಗ’. ತೆಂಗು ಕಂಗು ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವ ಅದೇ ಮಾತು. ಈ ಚಿತ್ರಗಳನ್ನು ಬರೆದದ್ದು 1670ರ ದಶಕದಲ್ಲಿ, ಡಚ್ಚರ ಅಧಿಕಾರಿ ವಾನ್ ರೀಡ್ ಕೊಚ್ಚಿಯಲ್ಲಿದ್ದಾಗ. ತಾಮ್ರಕ್ಕೆ ಇಳಿದದ್ದು ಈ ಡಚ್ಚರ ನಾಡಿನಲ್ಲಿ. ತಗಡಿನ ಮೇಲೆ ಎಲ್ಲವನ್ನೂ ಎಡಬಲ ತಿರುಗಿಸಿ ಕೊರೆಯಬೇಕಲ್ಲ. ಮಲಯಾಳವನ್ನೂ ನಾಗರಿಯನ್ನೂ ಕಂಡರಿಯದ ಕೆತ್ತನೆಗಾರ ಅಕ್ಷರಗಳನ್ನು ತಿರುವುಮುರುವಾಗಿ ಕೊರೆದಿದ್ದಾನೆ, ನಾವು ನೆಟ್ಟಗೆ ಓದಲೆಂದು. ಆ ಕೈಯ ಶ್ರದ್ಧೆಗೆ ಏನು ಹೇಳಲಿ!

ನಿನ್ನೆ ಒಂದು ಗ್ರಂಥಾಲಯದಲ್ಲಿ ಮೊದಲ ಸಂಪುಟವನ್ನೇ ನೋಡಿದೆ. ಒಟ್ಟು 12 ಸಂಪುಟ. ಮೊದಲನೆಯದು 1678ರಲ್ಲಿ, ಕೊನೆಯದು 1693ರಲ್ಲಿ ಅಚ್ಚಾದವು. ಕೊನೆಯದು ಬರುವಷ್ಟರಲ್ಲಿ ವಾನ್ ರೀಡ್ ತೀರಿಹೋಗಿದ್ದ. ನನಗೆ ಕಣ್ಣು ತುಂಬಿದ್ದು ಶುರುವಿನ ಪುಟಗಳಲ್ಲಿ. ಗಿಡಗಳ ಹೆಸರು, ಗುಣ, ಮದ್ದು ಹೇಳಿದ ಇಟ್ಟಿ ಅಚ್ಯುತನ್ ವೈದ್ಯರ ಮಾತು ಅಲ್ಲಿ ಮಲಯಾಳದಲ್ಲಿದೆ. ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು 1675ರಲ್ಲಿ ಬರೆದುಕೊಟ್ಟ ಪತ್ರ ನಾಗರಿಯಲ್ಲಿದೆ. ನಮ್ಮ ಕರಾವಳಿಯ ಬೀದಿಗಳಲ್ಲಿ ದಿನವೂ ಕೇಳುವ ಭಾಷೆ, ಮುನ್ನೂರೈವತ್ತು ವರ್ಷದ ಹಿಂದಿನದು, ಈ ಊರಿನ ಓದುಕೋಣೆಯಲ್ಲಿ.

ಮಧ್ಯಾಹ್ನ ಇಲ್ಲಿನ ಸಸ್ಯೋದ್ಯಾನಕ್ಕೂ ಹೋಗಿದ್ದೆ. 1638ರಲ್ಲಿ ಮದ್ದಿನ ಗಿಡಗಳಿಗೆಂದೇ ಶುರುವಾದದ್ದು. ಮುಂದೆ ಅದನ್ನು ನೋಡಿಕೊಂಡ ಯಾನ್ ಕೊಮೆಲಿನ್ ನಮ್ಮ ಗ್ರಂಥಕ್ಕೆ ಟಿಪ್ಪಣಿ ಬರೆದವನು. ಬಾವಿಕಟ್ಟೆಯ ಹತ್ತಿರ ಬೆಳೆಯುವ ಕನ್ನೆ ಸೊಪ್ಪಿಗೆ ಕೊಮೆಲಿನ ಎಂಬ ಹೆಸರು ಬಂದದ್ದು ಆ ಮನೆತನದಿಂದ. ಅದರ ಹೂವಿಗೆ ಎರಡು ಎಸಳು ದೊಡ್ಡವು, ಒಂದು ಸಣ್ಣದು. ದೊಡ್ಡವು ಹೆಸರು ಮಾಡಿದ ಇಬ್ಬರು ಕೊಮೆಲಿನರು, ಸಣ್ಣದು ಏನೂ ಸಾಧಿಸುವ ಮೊದಲೇ ತೀರಿಕೊಂಡವನು ಎಂದು ಸಸ್ಯವಿಜ್ಞಾನಿ ಲಿನೇಯಸ್ ವಿವರಿಸಿದ್ದಾನೆ. ಆಯಿಗೆ ಹೇಳಿ, ಇನ್ನು ಕೀಳುವಾಗ ಒಂದು ಹೂ ನೋಡಲಿ.

ಒಂದು ಸಂಕಟ ನಿಮ್ಮ ಹತ್ತಿರ ಹೇಳಲೇಬೇಕು. ಬಿಡಿ ಹಾಳೆ ಸಿಗುತ್ತದೆ ಅಂದರೆ ಎಲ್ಲೋ ಒಂದು ಪುಸ್ತಕದ ಹೊಲಿಗೆ ಬಿಚ್ಚಿದ್ದಾರೆ ಅಂತಲೇ ಅರ್ಥ. ಚಿತ್ರವಿದ್ದ ಹಾಳೆಗೆ ಗಿರಾಕಿ ಇದೆ, ಮಾತಿನ ಹಾಳೆಗೆ ಇಲ್ಲ. ‘ಇದರ ವಿವರಣೆಯ ಪುಟ ಎಲ್ಲಿ?’ ಎಂದು ಅಂಗಡಿಯವನನ್ನು ಕೇಳಿದೆ. ತನ್ನ ಕೈಗೆ ಬಂದಾಗಲೇ ಇರಲಿಲ್ಲ ಎಂದ. ಇಡೀ ಪುಸ್ತಕ ಬಿಚ್ಚಿ ಮಾರುವುದು ನನಗೆ ತಪ್ಪಾಗಿಯೇ ಕಾಣುತ್ತದೆ. ಗಿಡ ಗೋಡೆಗೆ ಬರುತ್ತದೆ, ಅದರ ಗುಣ ಹೇಳಿದ ವೈದ್ಯರು ರದ್ದಿಗೆ ಹೋಗುತ್ತಾರೆ. ಈ ಹಾಳೆಯನ್ನು ಬಿಟ್ಟುಬಂದಿದ್ದರೆ ಪುಸ್ತಕ ಮತ್ತೆ ಕೂಡುತ್ತಿರಲಿಲ್ಲ, ಅದಕ್ಕೆ ತಂದೆ. ಆದರೆ ಇನ್ನು ಮುಂದೆ ಗಟ್ಟಿಯಾಗಿರುವ ಪುಸ್ತಕದಿಂದ ನನ್ನೆದುರು ಯಾರಾದರೂ ಹಾಳೆ ಕೊಯ್ದು ಕೊಡುತ್ತೇನೆಂದರೆ ಮುಟ್ಟುವುದಿಲ್ಲ. ನೀವೂ ಮುಟ್ಟಬೇಡಿ.

ಗ್ರಂಥಾಲಯದವರು ಅನುಮತಿ ಕೊಟ್ಟರು, ಕಂಗಿನ ಕುರಿತ ಲ್ಯಾಟಿನ್ ಪುಟಗಳ ಫೋಟೋ ತೆಗೆದುಕೊಂಡಿದ್ದೇನೆ. ಅಚ್ಚು ಹಾಕಿಸಿ ತರುತ್ತೇನೆ, ಹಾಳೆಯ ಜೊತೆಗೇ ಇರಲಿ. ಚೌಕಟ್ಟಿಗೆ ಅವಸರ ಬೇಡ. ಮಳೆಗಾಲದ ತೇವಕ್ಕೆ ಗಾಜಿನ ಒಳಗೆ ಬೂಸಲು ಹಿಡಿಯುತ್ತದೆ. ಆಮ್ಲವಿಲ್ಲದ ಕಾಗದ ನಾಲ್ಕು ಹಾಳೆ ಕೊಂಡಿದ್ದೇನೆ. ಅದರ ನಡುವೆ ಇಟ್ಟು ಮಾಳಿಗೆಯ ಪೆಟ್ಟಿಗೆಯಲ್ಲಿಡೋಣ. ಮಡಿಕೆಗೆ ಸೆಲ್ಲೋ ಟೇಪ್ ಮಾತ್ರ ಹಚ್ಚಬೇಡಿ, ದಮ್ಮಯ್ಯ.

ಹಾಳೆಯ ಮೇಲಿನ ನಾಗರಿಯ ಆ ಒಂದು ಸಾಲು ನನಗೆ ಪೂರ್ತಿ ಬಿಡಿಸಿಕೊಂಡಿಲ್ಲ. ಬಂದಮೇಲೆ ಕೊಂಕಣಿ ಮಾತಾಡುವ ಅಂಗಡಿ ಮಾಮನನ್ನು ಮನೆಗೆ ಕರೆಯಿರಿ. ಅವರ ಬಾಯಲ್ಲೇ ಓದಿಸೋಣ.

ನಿಮ್ಮ ಮಗಳು