ಎಂಟಾಣೆಯ ಏಲಕ್ಕಿ

ಅಮ್ಮ ತೀರಿಕೊಂಡ ಮೇಲೆ ಕಪಾಟು ಖಾಲಿ ಮಾಡುವಾಗ ಸಿಕ್ಕಿದ ಅಡುಗೆ ಪುಸ್ತಕವನ್ನು ಯಾರೂ ಬೇಕೆಂದು ಕೇಳಲಿಲ್ಲ. ಕಿವಿಯ ಬೆಂಡೋಲೆ ತಂಗಿಗೆ ಹೋಯಿತು, ಅಪ್ಪನ ಗಡಿಯಾರ ತಮ್ಮನಿಗೆ. ಪುಸ್ತಕ ನನ್ನ ಪಾಲಿಗೆ ಬಂತು.

ಇನ್ನೂರು ಪುಟದ ಗೆರೆ ಪುಸ್ತಕ ಅದು. ರಟ್ಟಿಗೆ ಹಳೆಯ ಕ್ಯಾಲೆಂಡರಿನ ಹಾಳೆಯ ಹೊದಿಕೆ. ಭಾಷೆ ಕೊಂಕಣಿ, ಲಿಪಿ ಕನ್ನಡ. ಮಂಗಳೂರಿನ ಕಥೊಲಿಕ್ ಮನೆಗಳಲ್ಲಿ ಹೀಗೆಯೇ. ಮಾತು, ಪ್ರಾರ್ಥನೆ, ಜಗಳ ಎಲ್ಲ ಕೊಂಕಣಿಯಲ್ಲಿ. ಬರೆಯಲು ಕೂತರೆ ಕೈಗೆ ಬರುವುದು ಕನ್ನಡ ಶಾಲೆಯಲ್ಲಿ ತಿದ್ದಿದ ಅಕ್ಷರ. ಟೊರಾಂಟೊದಲ್ಲಿ ಹುಟ್ಟಿದ ತಮ್ಮನ ಮಗಳಿಗೆ ಕೊಂಕಣಿ ಬರುತ್ತದೆ, ಆದರೆ ಅಜ್ಜಿಯ ಪುಸ್ತಕ ಓದಲು ಬರುವುದಿಲ್ಲ.

ಪುಸ್ತಕದ ಕ್ರಮ ಚರ್ಚಿನ ಹಬ್ಬಗಳ ಕ್ರಮ. ಮೊದಲಿಗೆ ಆಗಸ್ಟಿನ ಮಳೆಯಲ್ಲಿ ಅರಿಶಿನದ ಎಲೆ ದೊಡ್ಡದಾದಾಗ ಮಾಡುವ ಪತ್ತೋಳಿ. ಆಮೇಲೆ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಅಂದರೆ ನಮ್ಮ ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಮಾತೆ ಮರಿಯಮ್ಮನಿಗೆ ಹೂ ಅರ್ಪಿಸಿ, ಹಬ್ಬದ ದಿನ ಚರ್ಚಿನಲ್ಲಿ ಆಶೀರ್ವದಿಸಿದ ತೆನೆ ಮನೆಗೆ ತರುತ್ತಾರೆ. ಹೊಸ ಅಕ್ಕಿಯ ಕಾಳು ಪಾಯಸಕ್ಕೋ ಹಾಲಿಗೋ ಬೀಳಬೇಕು. ಅಂದು ಮೀನು ಮಾಂಸ ಇಲ್ಲ, ಬಾಳೆಎಲೆಯ ಮೇಲೆ ಬರೀ ತರಕಾರಿ. ಕೊನೆಯ ಮೂವತ್ತು ಪುಟ ಡಿಸೆಂಬರಿನದು: ಕುಸ್ವಾರ್. ಕ್ರಿಸ್ಮಸ್ಸಿಗೆ ಮಾಡಿ ನೆರೆಕರೆಗೆ ಹಂಚುವ ತಿಂಡಿಗಳ ಒಟ್ಟು ಹೆಸರು ಇದು. ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ, ಗುಲಾಬಿ ಹೂವಿನಂಥ ಕೊಕ್ಕಿಸಾಂ, ಕೇಕು.

ತೊಂದರೆ ಏನೆಂದರೆ ಅಮ್ಮ ತೂಕ ಬರೆದಿಲ್ಲ, ರೇಟು ಬರೆದಿದ್ದಾಳೆ. ನೆವ್ರಿಯ ಪುಟದಲ್ಲಿ 'ಎರಡು ರೂಪಾಯಿಯ ಎಳ್ಳು, ಎಂಟಾಣೆಯ ಏಲಕ್ಕಿ' ಎಂದಿದೆ. ಯಾವ ವರ್ಷದ ಎಂಟಾಣೆ? ಅಂಗಡಿಯವನು ಪೊಟ್ಟಣಕ್ಕೆ ಎಷ್ಟು ಕಾಯಿ ಹಾಕುತ್ತಿದ್ದನೋ ಅಷ್ಟೇ ನಮ್ಮ ಮನೆಯ ಅಳತೆ.

ಅಮ್ಮ ಹೋದ ವರ್ಷ ಕುಸ್ವಾರ್ ಮಾಡಲಿಲ್ಲ. ಸಾವಿನ ಮನೆಯಲ್ಲಿ ಆ ವರ್ಷ ಬಾಣಲೆ ಇಡುವುದಿಲ್ಲ, ಬೇರೆಯವರ ಮನೆಯಿಂದ ತಟ್ಟೆ ಬರುತ್ತದೆ. ಮರುವರ್ಷ ತಮ್ಮ ಸಂಸಾರ ಸಮೇತ ಊರಿಗೆ ಬಂದ. "ಅಜ್ಜಿಯ ಕೇಕ್ ಮಾಡೋಣ" ಎಂದಳು ಅವನ ಮಗಳು. ನಾನು ಪುಸ್ತಕ ತೆಗೆದೆ.

ಕೇಕಿನ ಪುಟ ಬೇರೆಯದೇ ಥರ ಇತ್ತು. ಅಕ್ಷರ ದುಂಡಗೆ. ರೇಟಿನ ಲೆಕ್ಕವಿಲ್ಲ, ಎಲ್ಲವೂ ಪೌಂಡಿನಲ್ಲಿ: ಒಂದು ಪೌಂಡ್ ಬೆಣ್ಣೆ, ಒಂದು ಪೌಂಡ್ ಸಕ್ಕರೆ, ಒಂದು ಪೌಂಡ್ ಮೈದಾ, ಎಂಟು ಮೊಟ್ಟೆ, ಒಣದ್ರಾಕ್ಷಿ, ಗೋಡಂಬಿ, ರಮ್. ಪೌಂಡ್ ಅಂದರೆ 454 ಗ್ರಾಂ. ಸದ್ಯ, ಇದೊಂದಾದರೂ ಸರಿಯಾಗಿ ಬರೆದಿದ್ದಾಳಲ್ಲ ಎಂದು ಸಮಾಧಾನವಾಯಿತು. ಉಳಿದ ಪುಟಗಳಲ್ಲಿ ಎಣ್ಣೆಯ ಕಲೆ, ಹಿಟ್ಟಿನ ಬೆರಳಚ್ಚು. ಈ ಪುಟ ಮಾತ್ರ ಸ್ವಚ್ಛ. ಅದನ್ನು ಆಗ ಗಮನಿಸಿದೆ, ಅರ್ಥವಾಗಲಿಲ್ಲ.

ನಮ್ಮ ಬಾಲ್ಯದಲ್ಲಿ ಮನೆಯಲ್ಲಿ ಓವನ್ ಇರಲಿಲ್ಲ. ಅಗಲ ಬಾಯಿಯ ಪಾತ್ರೆಗೆ ಹೊಯ್ಗೆ ತುಂಬಿ ಒಲೆಯ ಮೇಲಿಟ್ಟು, ಅದು ಕಾದ ಮೇಲೆ ಕೇಕಿನ ತಟ್ಟೆಯನ್ನು ಒಳಗಿಟ್ಟು, ಮುಚ್ಚಳದ ಮೇಲೆ ತೆಂಗಿನ ಗೆರಟೆಯ ಕೆಂಡ ಹರಡುತ್ತಿದ್ದಳು. ಸಂಜೆ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ ಶುರುವಾಗುವಾಗ ಇಟ್ಟರೆ, ಪ್ರಾರ್ಥನೆಯೆಲ್ಲ ಮುಗಿದು ಹಿರಿಯರಿಗೆ 'ಬೆಸಾಂವ್' ಕೇಳಿ ಆಶೀರ್ವಾದ ಪಡೆದ ಮೇಲೆ ಹಿಡಿಸೂಡಿಯ ಕಡ್ಡಿ ಚುಚ್ಚಿ ನೋಡುವುದು. ಆ ದಿನ ನಮ್ಮ ಭಕ್ತಿಯೆಲ್ಲ ಒಲೆಯ ಕಡೆಗೇ ಇರುತ್ತಿತ್ತು. ಕೇಕು ಕಪ್ಪಗೆ, ಒತ್ತಾಗಿ, ಅಂಚಿನಲ್ಲಿ ಸ್ವಲ್ಪ ಕಹಿಯಾಗಿ ಬರುತ್ತಿತ್ತು. ಶಾಲೆಯಲ್ಲಿ ಬೇರೆ ಮಕ್ಕಳ ಡಬ್ಬಿಯ ಹಳದಿ ಕೇಕು ನೋಡಿ, ಪಾಪ, ಇವರ ಮನೆಯಲ್ಲಿ ಹಣ್ಣು ಹಾಕಿಲ್ಲ ಎಂದುಕೊಳ್ಳುತ್ತಿದ್ದೆ.

ಪುಸ್ತಕದಲ್ಲಿ ಇದ್ದಂತೆಯೇ ಮಾಡಿದೆ. ಓವನ್ನಿನಿಂದ ಹೊರಬಂದದ್ದು ಹೊನ್ನಿನ ಬಣ್ಣದ, ಬೆರಳಿಟ್ಟರೆ ಮೇಲೇಳುವ ಕೇಕು. ಬಾಯಲ್ಲಿಟ್ಟರೆ ಬೆಣ್ಣೆ ಕರಗುತ್ತಿತ್ತು. ತಂಗಿ ಒಂದು ತುಂಡು ತಿಂದು "ಚೆನ್ನಾಗಿದೆ" ಎಂದಳು. ಇನ್ನೊಂದು ತೆಗೆದುಕೊಳ್ಳಲಿಲ್ಲ. ತಮ್ಮ ಎರಡು ಸಲ ಜಗಿದು, "ಇದು ನಮ್ಮದಲ್ಲ ಅಕ್ಕ" ಅಂದ. ನನಗೂ ಹಾಗೆಯೇ ಅನ್ನಿಸಿತ್ತು.

ಸಂಜೆ ಪಕ್ಕದ ಮನೆಯ ದೊಡ್ಡಕ್ಕನಿಗೆ ಕುಸ್ವಾರಿನ ತಟ್ಟೆ ಕೊಂಡುಹೋದೆ. ಎಂಬತ್ತು ದಾಟಿದ ಬಂಟರ ಹೆಂಗಸು. ತುಳು ಬಿಟ್ಟು ಬೇರೆ ಮಾತಾಡುವುದು ಕಡಿಮೆ. ಅಮ್ಮನನ್ನು ಕೊನೆಯವರೆಗೂ 'ಬಾಯಿ' ಎಂದೇ ಕರೆದವರು. ಕೇಕಿನ ತುಂಡು ಬಾಯಿಗಿಟ್ಟು ನಕ್ಕರು.

"ಬೆಣ್ಣೆ ಹಾಕಿದ್ದೀಯಾ ಮಗಾ?"

"ಅಮ್ಮನ ಪುಸ್ತಕದಲ್ಲಿ ಹಾಗೇ ಇದೆ ದೊಡ್ಡಕ್ಕ."

"ಪುಸ್ತಕದಲ್ಲಿ ಇರಬಹುದು. ಬಾಯಿ ಕೇಕಿಗೆ ಬೆಣ್ಣೆ ಹಾಕಿದ್ದನ್ನು ನಾನು ನೋಡಿಲ್ಲ."

ಆಮೇಲೆ ಒಂದೊಂದಾಗಿ ಹೇಳಿದರು. ಅಪ್ಪ ಕೆಲಸ ಮಾಡುತ್ತಿದ್ದ ಹಂಚಿನ ಕಾರ್ಖಾನೆ ಮುಚ್ಚಿದ ವರ್ಷದಿಂದ ಬೆಣ್ಣೆಯ ಬದಲು ಕಾಲು ಕಿಲೋ ಡಾಲ್ಡಾ, ಸಾಲದ್ದಕ್ಕೆ ತೆಂಗಿನ ಹಾಲು. ಎಂಟು ಮೊಟ್ಟೆಯ ಜಾಗದಲ್ಲಿ ನಾಲ್ಕು, ಅವೂ ದೊಡ್ಡಕ್ಕನ ಕೋಳಿಯವು. ನಾವು ಹಣ್ಣು ಎಂದುಕೊಂಡಿದ್ದದ್ದು ಬಾವಿಕಟ್ಟೆಯ ಹತ್ತಿರದ ಮರದ ಪಪ್ಪಾಯಿ. ಕಾಯಿಯಾಗಿರುವಾಗಲೇ ಕೊಯ್ದು, ಸಣ್ಣಗೆ ಹೆಚ್ಚಿ ಬೇಯಿಸಿ, ಸಕ್ಕರೆ ಪಾಕದಲ್ಲಿ ಹಾಕಿ ಒಣಗಿಸಿದ ತುಂಡುಗಳು. ಕೇಕು ಬಿಳಚಿಕೊಂಡು ಕಾಣಬಾರದೆಂದು ಸಕ್ಕರೆಯನ್ನು ಕಪ್ಪಾಗುವಷ್ಟು ಸುಟ್ಟು ನೀರು ಬೆರೆಸಿ ಹಿಟ್ಟಿಗೆ ಹುಯ್ಯುತ್ತಿದ್ದಳಂತೆ. ನಾನು ಶ್ರೀಮಂತಿಕೆ ಎಂದು ತಿಳಿದಿದ್ದ ಕಪ್ಪು ಅದು.

"ನಿಮಗೆ ಮೂವರಿಗೂ ಗೊತ್ತಾಗಬಾರದು ಅಂತ ರಾತ್ರಿ ನನ್ನ ಹಿತ್ತಲಲ್ಲಿ ಕೂತು ಪಪ್ಪಾಯಿ ಹೆಚ್ಚುತ್ತಿದ್ದಳು" ಎಂದರು ದೊಡ್ಡಕ್ಕ. "ಗೊತ್ತಾಯಿತಾ ನಿಮಗೆ?"

ಇಲ್ಲ, ಗೊತ್ತಾಗಿರಲಿಲ್ಲ. ಬಡತನ ನಮಗೆ ಗೊತ್ತಿದ್ದದ್ದು ಜೂನಿನಲ್ಲಿ, ಶಾಲೆಯ ಪುಸ್ತಕ ಕೊಳ್ಳುವಾಗ. ಡಿಸೆಂಬರಿನಲ್ಲಿ ಗೊತ್ತಿರಲಿಲ್ಲ. ಡಿಸೆಂಬರಿನಲ್ಲಿ ಹನ್ನೆರಡು ಮನೆಗೆ ತಟ್ಟೆ ಕಳಿಸುವವರು ನಾವು.

ಮನೆಗೆ ಬಂದು ಆ ಪುಟ ಮತ್ತೆ ನೋಡಿದೆ. ಮದುವೆಗೆ ಮುಂಚೆ ಅಮ್ಮ ಕನ್ಯಾಸ್ತ್ರೀಯರ ಹತ್ತಿರ ಹೊಲಿಗೆ ಕಲಿಯಲು ಹೋಗುತ್ತಿದ್ದಳು. ಅಲ್ಲಿ ಕೇಕು ಹೇಳಿಕೊಟ್ಟಾಗ ಬರೆದುಕೊಂಡದ್ದಿರಬೇಕು. ಪೌಂಡಿನ ಲೆಕ್ಕವೂ ದುಂಡಗಿನ ಅಕ್ಷರವೂ ಆ ಹುಡುಗಿಯದು. ಹಾಗೆ ಮಾಡುವ ಅನುಕೂಲ ಅವಳಿಗೆ ಬಹುಶಃ ಒಂದೆರಡು ಸಲ ಬಂದಿರಬಹುದು, ಬಾರದೆಯೂ ಇರಬಹುದು. ಪುಟದಲ್ಲಿ ಕಲೆ ಇಲ್ಲದ್ದು ಅದಕ್ಕೆ. ಆದರೂ ಅವಳು ಬೆಣ್ಣೆಯನ್ನು ಹೊಡೆದುಹಾಕಿ ಡಾಲ್ಡಾ ಎಂದು ತಿದ್ದಲಿಲ್ಲ. ಮಾಡಿದ್ದು ಒಂದು, ಬರೆದಿಟ್ಟದ್ದು ಒಂದು. ಮುಂದೆ ನಮ್ಮ ಕೈಯಲ್ಲಿ ದುಡ್ಡಿದ್ದಾಗ ಸರಿಯಾದದ್ದನ್ನೇ ಮಾಡಿಕೊಳ್ಳಲಿ ಎಂದೋ ಏನೋ. ನಾವು ದುಡ್ಡಿದ್ದಾಗ ಸರಿಯಾದದ್ದನ್ನೇ ಮಾಡಿ, ಇದು ನಮ್ಮದಲ್ಲ ಎಂದೆವು.

ಮಾರನೆಯ ದಿನ ಮೂವರೂ ಸೇರಿ ದೊಡ್ಡಕ್ಕನ ಲೆಕ್ಕದಲ್ಲಿ ಇನ್ನೊಂದು ಕೇಕು ಮಾಡಿದೆವು. ಬಾವಿಕಟ್ಟೆಯ ಮರ ಈಗಿಲ್ಲ, ಪಪ್ಪಾಯಿಕಾಯಿಯನ್ನು ಮಾರುಕಟ್ಟೆಯಿಂದ ತಂದೆವು. ಸಕ್ಕರೆ ಸುಡುವಾಗ ಹೊಗೆ ತುಂಬಿ ಎಲ್ಲರ ಕಣ್ಣಲ್ಲೂ ನೀರು. ಓವನ್ನಿನಲ್ಲಿ ಅಂಚಿನ ಕಹಿ ಪೂರ್ತಿ ಬರಲಿಲ್ಲ. ಆದರೆ ತಮ್ಮ ಬಾಯಿಗಿಟ್ಟವನೇ ಎದ್ದು ಹಿತ್ತಲಿಗೆ ಹೋದ. ಸ್ವಲ್ಪ ಹೊತ್ತು ಒಳಗೆ ಬರಲಿಲ್ಲ.

ಅವನ ಮಗಳು ಎರಡನ್ನೂ ತಿಂದಳು. "ನನಗೆ ಮೊದಲನೆಯದೇ ಇಷ್ಟ" ಎಂದಳು. ಸರಿಯಾಗಿಯೇ ಹೇಳಿದಳು, ಅದೇ ಒಳ್ಳೆಯ ಕೇಕು. ಅಜ್ಜಿ ಅದನ್ನು ಬರೆದಿಟ್ಟದ್ದು ಅವಳಿಗೇ ಇರಬೇಕು. ಎದುರಿನ ಖಾಲಿ ಪುಟದಲ್ಲಿ ಎರಡನೆಯದನ್ನು ನಾನು ಬರೆದೆ, ಕೊಂಕಣಿಯಲ್ಲಿ, ಕನ್ನಡದ ಅಕ್ಷರದಲ್ಲಿ: ಕಾಲು ಕಿಲೋ ಡಾಲ್ಡಾ, ದೊಡ್ಡಕ್ಕನ ಕೋಳಿಯ ನಾಲ್ಕು ಮೊಟ್ಟೆ, ಬಾವಿಕಟ್ಟೆಯ ಪಪ್ಪಾಯಿ ಒಂದು. ಏಲಕ್ಕಿ ಎಷ್ಟೆಂದು ದೊಡ್ಡಕ್ಕನನ್ನು ಕೇಳಿದ್ದೆ. ಅಂಗೈ ಚಾಚಿ, ನಡುವೆ ಬೆರಳಿಟ್ಟು, "ಇಷ್ಟು" ಎಂದು ತೋರಿಸಿದ್ದರು. ಅದನ್ನು ಹೇಗೆ ಬರೆಯುವುದೆಂದು ತಿಳಿಯದೆ ಎಂಟಾಣೆಯದು ಎಂದೇ ಬರೆದೆ.