ನಾಲ್ಕನೆಯ ಸಾಲು

ನಮ್ಮ ಕಾಲೇಜಿನ ಹಿರಿಯ ಅಧ್ಯಾಪಕರೊಬ್ಬರಿಗೆ ನನ್ನ ವಿಷಯದಲ್ಲಿ ಒಂದು ಕೊರಗುಂಟು. ಎಂ.ಎ. ಮಾಡಿ, ಹದಿನೆಂಟು ವರ್ಷ ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳಿದವನು ಬೆಕ್ಕಿನ ಮೇಲೆ ಚುಟುಕ ಬರೆಯುತ್ತ ಕೂಡಬಹುದೆ ಎಂದು. ಬರೆಯಬಹುದು ಎಂಬುದಕ್ಕೆ ದೊಡ್ಡವರ ಆಧಾರಗಳೇ ನನ್ನಲ್ಲಿವೆ. ನಾಯಿಮರಿಯ ಮೇಲೆ ಪದ್ಯ ಬರೆದು ನಾಡಿನ ಮಕ್ಕಳಿಗೆಲ್ಲ ಬಾಯಿಪಾಠ ಮಾಡಿಸಿದ ಜಿ. ಪಿ. ರಾಜರತ್ನಂ ಅವರೂ ಕನ್ನಡದ ಮೇಷ್ಟರೇ. ದಿನಕರ ದೇಸಾಯಿಯವರು 1967ರಲ್ಲಿ ಲೋಕಸಭೆಗೆ ಆರಿಸಿ ಹೋದವರು. ಆದರೂ ಜನ ಅವರನ್ನು ನೆನೆಯುವುದು ನಾಲ್ಕು ಸಾಲಿನ ಚೌಪದಿಗಳಿಂದ. ಇಷ್ಟನ್ನೆಲ್ಲ ನಾನು ಆ ಹಿರಿಯರಿಗೆ ಹೇಳುವುದಿಲ್ಲ. ಅವರು ನಿವೃತ್ತರಾಗುವುದಕ್ಕೆ ಇನ್ನು ಸ್ವಲ್ಪವೇ ದಿನವಿದೆ, ಸುಖವಾಗಿ ಕೊರಗಲಿ.

ನಮ್ಮ ಬೆಕ್ಕಿನ ಹೆಸರು ಭಾಮಿನಿ. ಷಟ್ಪದಿಯಿಂದ ಬಂದ ಹೆಸರು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು ಎಂದು ಕಾಂಪೌಂಡಿನ ಗೋಡೆಯ ಮೇಲೆ ಅವಳು ನಡೆದು ಬರುವುದನ್ನು ನೋಡಿದರೆ ನೀವೂ ಅದೇ ಹೆಸರಿಡುತ್ತಿದ್ದಿರಿ. ಗೋಡೆಯ ತುದಿಗೆ ಬಂದಾಗ, ಮೂರನೆಯ ಪಾದದ ಕೊನೆಯಲ್ಲಿ ಒಂದು ಗುರು ನಿಲ್ಲುವಂತೆ, ಮೈಯನ್ನು ಉದ್ದಕ್ಕೆ ಮುರಿದು ನಿಂತುಬಿಡುತ್ತಾಳೆ. ನಮ್ಮ ತಾಯಿಗೆ ಮಾತ್ರ ಅವಳು ‘ಆ ಕಳ್ಳಿ’.

ಅಮ್ಮನಿಗೆ ಈಗ ಎಂಬತ್ತೊಂದು. ಅವಳ ತಂದೆ ಹಳ್ಳಿಯ ಜಗುಲಿಯಲ್ಲಿ ಭಾರತ ವಾಚನ ಮಾಡುತ್ತಿದ್ದವರು. ಲಘು ಗುರು ಹಾಕಿ ಗಣ ವಿಂಗಡಿಸುವ ವಿದ್ಯೆ ಅವಳಿಗೆ ಗೊತ್ತಿಲ್ಲ. “ನನಗೆ ಗೊತ್ತಿರುವ ಮಾತ್ರೆ ಡಾಕ್ಟರು ಕೊಡುವುದೊಂದೇ” ಎನ್ನುತ್ತಾಳೆ. ಆದರೆ ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚಾದರೆ, ಅನ್ನದಲ್ಲಿ ಕಲ್ಲು ಸಿಕ್ಕವಳಂತೆ ಮುಖ ಮಾಡುವಳು. ಕಂಬನಿಯ ಕವಿತೆಯಲ್ಲಿ ಲಯ ತಪ್ಪಿದರೆ ಭಾವೋದ್ವೇಗವೆಂದು ಕ್ಷಮಿಸುವವರುಂಟು. ನಗೆಪದ್ಯಕ್ಕೆ ಆ ರಿಯಾಯಿತಿ ಇಲ್ಲ. ಎಡವಿದರೆ ನಗೆ ಅಲ್ಲಿಯೇ ಸತ್ತಿತು.

ನಾಲ್ಕು ಮಾತ್ರೆಯ ಗಣಗಳು ಮೂರು, ಕೊನೆಗೆ ಮೂರು ಮಾತ್ರೆ, ಒಂದಿಷ್ಟು ಮೌನ. ಇದು ನಾನು ಹಿಡಿದಿರುವ ಮಟ್ಟು. ಒಮ್ಮೆ ಮೂರು ಸಾಲು ಮಾಡಿ, ನಾಲ್ಕನೆಯದು ಬಾರದೆ, ಹಜಾರದಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತ ತಿರುಗುತ್ತಿದ್ದೆ. ಅವರೆಕಾಯಿ ಬಿಡಿಸುತ್ತ ಕುಳಿತಿದ್ದ ಅಮ್ಮ ತಲೆ ಎತ್ತದೆ ಕೊನೆಯ ಸಾಲನ್ನು ಕೊಟ್ಟಳು. ಹೀಗೆ:

ಹಾಲನು ಕುಡಿದವರಾರೆಂದಾಗ
ಭಾಮಿನಿ ನೋಡುವಳೆನ್ನನೆ ಬೇಗ;
ಮೀಸೆಯು ಇಬ್ಬರಿಗಿದ್ದರು ಕೂಡ
ಕಾಫಿಯ ನೊರೆ ನಿನ್ನದರಲಿ, ನೋಡ!

ಅಂದಿನಿಂದ ನಾಲ್ಕನೆಯ ಸಾಲು ಅಮ್ಮನದು. ಕಳ್ಳಿ ಎಂದು ಬೈಯುವ ಬೆಕ್ಕಿನ ಪಕ್ಷವನ್ನೇ ವಹಿಸಿ, ಪದ್ಯದ ಮೊನೆಯನ್ನು ಪ್ರತಿ ಸಲವೂ ನನ್ನ ಕಡೆಗೆ ತಿರುಗಿಸುತ್ತಾಳೆ. “ಬಾಯಿಲ್ಲದ್ದನ್ನು ಆಡಿಕೊಂಡು ನಗಬಾರದು ಕಣೋ. ಅದೇನು ತಿರುಗಿ ಪದ್ಯ ಹೇಳುತ್ತದೆಯೆ?” ಎಂಬುದು ಅವಳ ವಾದ. ಕಾವ್ಯಮೀಮಾಂಸೆಯಲ್ಲಿ ಹಾಸ್ಯರಸದ ಮೇಲೆ ನಾನು ಓದಿದ ಪುಟಗಳಿಗಿಂತ ಇದು ಹೆಚ್ಚು ಕೆಲಸಕ್ಕೆ ಬಂದಿದೆ. ಸಾಕುಪ್ರಾಣಿಯನ್ನು ಕುರಿತ ಪದ್ಯ ನಿಜವಾಗಿ ಸಾಕಿದವನನ್ನು ಕುರಿತ ಪದ್ಯ.

ಎರಡು ವರ್ಷದ ಹಿಂದೆ ನಾನು ‘ಬೆಕ್ಕು’ ಎಂದರೆ ಅಮ್ಮನಿಗೆ ‘ಬೆಪ್ಪು’ ಎಂದು ಕೇಳಿಸತೊಡಗಿತು. “ಯಾರನ್ನೋ ಬೆಪ್ಪು ಅನ್ನುತ್ತಿರುವುದು?” ಮೊದಲು ನಕ್ಕೆವು. ಆಮೇಲೆ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. ಅಲ್ಲಿಯ ತಜ್ಞೆ ತಾಳ್ಮೆಯಿಂದ ವಿವರಿಸಿದರು. ವಯಸ್ಸಾಗಿ ಬರುವ ಕಿವುಡಿನಲ್ಲಿ ಮೊದಲು ಹೋಗುವುದು ಎತ್ತರದ ಶ್ರುತಿಯ ಸದ್ದುಗಳಂತೆ. ಸ, ಶ, ತ, ಕ, ಪ ಮುಂತಾದ ವ್ಯಂಜನಗಳು ಮಸುಕಾಗುತ್ತವೆ. ಸ್ವರಗಳು ಬಹುಕಾಲ ಉಳಿಯುತ್ತವೆ. ಕನ್ನಡದ ಮೇಷ್ಟರಿಗೆ ಇದರ ಅರ್ಥ ಬೇರೆಯೇ ಆಯಿತು. ಮಾತ್ರೆ ಇರುವುದು ಸ್ವರದ ಹ್ರಸ್ವ ದೀರ್ಘದಲ್ಲಿ, ಪ್ರಾಸ ಇರುವುದು ವ್ಯಂಜನದಲ್ಲಿ. ಅಮ್ಮನಿಂದ ದೂರವಾಗುತ್ತಿರುವುದು ಪ್ರಾಸ. ಲಯ ಇನ್ನೂ ಅವಳ ಹತ್ತಿರವೇ ಇದೆ.

ಕಿವಿಗೆ ಯಂತ್ರ ಕೊಟ್ಟಿದ್ದಾರೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಕುಕ್ಕರಿನ ಸೀಟಿ, ಪಾತ್ರೆಯ ಸದ್ದು, ಬೀದಿಯ ಸ್ಕೂಟರು ಎಲ್ಲವೂ ಒಟ್ಟಿಗೆ ಒಳನುಗ್ಗುವುದರಿಂದ ಅವಳು ಅದನ್ನು ತೆಗೆದು ಡಬ್ಬಿಯಲ್ಲಿಡುವುದೇ ಹೆಚ್ಚು. ಹೀಗಾಗಿ ನಾನು ಕೂಗಿ ಹೇಳಬೇಕು. ಎದುರುಮನೆಯವರು ಬೆಳಿಗ್ಗೆ ಗೇಟಿನ ಬಳಿ ನಿಂತು, “ನಿನ್ನೆಯದಕ್ಕೆ ನಾಲ್ಕನೆಯ ಸಾಲು ಸಿಕ್ಕಿತೆ, ಸಾರ್?” ಎಂದು ವಿಚಾರಿಸುತ್ತಾರೆ.

ಪ್ರಾಸವನ್ನೂ ಬದಲಾಯಿಸಿಕೊಂಡಿದ್ದೇನೆ. ಸಕಾರ, ಪಕಾರಗಳನ್ನು ಬಿಟ್ಟೆ. ಬೆಕ್ಕಿನ ಕವಿಗೆ ‘ಮೀಸೆ–ಆಸೆ’, ‘ತುಪ್ಪ–ಒಪ್ಪ’ಗಳನ್ನು ಬಿಡುವುದೆಂದರೆ ಸಾಮಾನ್ಯ ತ್ಯಾಗವಲ್ಲ. ಈಗ ಮ, ನ, ಣ, ಗ, ಡ ಇವುಗಳಲ್ಲೇ ಸಂಸಾರ. ಕುರ್ಚಿಯ ತೋಳಿನ ಮೇಲೆ ನಾನು ಬೆರಳಿನಿಂದ ತಾಳ ಹಾಕುತ್ತೇನೆ; ಅವಳು ನನ್ನ ತುಟಿಯನ್ನು ಬಿಟ್ಟು ಬೆರಳನ್ನು ನೋಡುತ್ತಾಳೆ.

ಆದರೂ ನಾಲ್ಕನೆಯ ಸಾಲು ಮೊದಲಿನಷ್ಟು ಬೇಗ ಬರುವುದಿಲ್ಲ. ಕೆಲವು ಸಲ ಬರುವುದೇ ಇಲ್ಲ. “ಸಾಕು, ನಾಳೆ ನೋಡೋಣ” ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ಮೂರೇ ಸಾಲಿನವು ನನ್ನ ನೋಟುಪುಸ್ತಕದಲ್ಲಿ ಹನ್ನೊಂದು ಸೇರಿದ್ದುವು. ನೀವೇ ಮುಗಿಸಿ ಅಚ್ಚಿಗೆ ಕೊಡಿ ಎಂದು ನನ್ನ ಹೆಂಡತಿ ಎರಡು ಸಲ ಹೇಳಿದಳು, ಮೂರನೆಯ ಸಲ ಹೇಳಲಿಲ್ಲ. ಪ್ರಾಸಕ್ಕೆ ನನಗೇನೂ ಬರವಿಲ್ಲ. ಆದರೆ ಆ ಜಾಗ ನನ್ನದಲ್ಲ.

ಮೊನ್ನೆ ರಾತ್ರಿ ಹತ್ತೂವರೆ ಇರಬಹುದು. ದೀಪ ಆರಿಸಿ ಆಗಿತ್ತು. ಕೋಣೆಯಿಂದ ಅಮ್ಮ, ತನ್ನ ದನಿ ತನಗೆ ಕೇಳದವರ ಗಟ್ಟಿತನದಲ್ಲಿ, ಒಂದು ಸಾಲನ್ನು ಕೂಗಿದಳು. ಬೀರುವಿನ ಮೇಲೆ ಮಲಗಿದ್ದ ಭಾಮಿನಿ ಹಾರಿ ಓಡಿದಳು. ಯುಗಾದಿಯ ಹೊತ್ತಿಗೆ ನಾನು ಓದಿ ಹೇಳಿದ್ದ ಪದ್ಯ ಅದು:

ಇಲಿಗಳು ನುಗ್ಗಲು ಅಡುಗೆಯ ಮನೆಗೆ
ಭಾಮಿನಿ ಏರಿದಳಟ್ಟದ ಕೊನೆಗೆ;
ಬೇಟೆಯ ಮರೆತಳು ಏತಕೊ ಕಾಣೆ —
ಓದಿದ ಮನೆಯಲಿ ಬೆಳೆದಳು, ಜಾಣೆ!

ಎದ್ದು ದೀಪ ಹಾಕಿ ಬರೆದುಕೊಂಡೆ. ಇನ್ನು ಹತ್ತು ಉಳಿದಿವೆ.