ಅಜ್ಜಿಯ ಹಗೇವು, ಅಣ್ಣನ ನೈಟ್ರೋಜನ್

ನನ್ನ ಆಫೀಸಿನಲ್ಲಿ ಹಳೇ ಸರ್ವರ್ ಬಂದ್ ಮಾಡೋದು ಅಂದ್ರೆ ನಾಲ್ಕು ಕಮಾಂಡ್, ಒಂದು ಟೀ. ದೊಡ್ಡಪ್ಪನ ಮಗ ಗ್ಯಾಸ್ ಪೈಪ್‌ಲೈನ್ ಕೆಲಸದಲ್ಲಿದ್ದಾನೆ. ಅವನ ಬಂದ್ ಬೇರೆ ಥರ. ವಾಲ್ವ್ ಮುಚ್ಚಿ ಒತ್ತಡ ಇಳಿಸಿದರೂ ಒಳಗೆ ಗ್ಯಾಸ್ ಉಳಿದಿರುತ್ತೆ. ಅದಕ್ಕೆ ನೇರ ಗಾಳಿ ಬಿಡೋ ಹಾಗಿಲ್ಲ. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರಷ್ಟಿದ್ದರೆ ಒಂದು ಕಿಡಿ ಸಾಕು. ಅದಕ್ಕೇ ಮೊದಲು ನೈಟ್ರೋಜನ್ ತುಂಬಿ ಗ್ಯಾಸನ್ನು ಹೊರಗೆ ತಳ್ಳುತ್ತಾರೆ. ಇನ್ನೊಂದು ತುದಿಯಲ್ಲಿ ಮೀಟರ್ ಹಿಡಿದು ಖಾತ್ರಿಯಾದ ಮೇಲೇ ಪೈಪು ಕತ್ತರಿಸೋದು. 2013ರಲ್ಲಿ ಬೆಂಗಳೂರಿಗೆ ಗ್ಯಾಸ್ ತಂದ ದಾಭೋಲ್ ಲೈನಿನಂಥವನ್ನು ಎಂದಾದರೂ ನಿಲ್ಲಿಸಬೇಕಾದರೂ ದಾರಿ ಇದೇ.

ಯುಗಾದಿಗೆ ತೆಲಿಗಿಗೆ ಹೋದಾಗ ಕೇಳಿದೆ, "ನಾವು ಉಸಿರಾಡೋ ಗಾಳಿಯಾಗೇ ಶೇ. 78 ನೈಟ್ರೋಜನ್ ಐತಲ್ಲಣ್ಣ, ಭಯ ಏನು?"

"ಅಲ್ಲೇ ಮೋಸ ತಮ್ಮಾ. ವಾಸನೆ ಇಲ್ಲ, ಉಸಿರು ಕಟ್ಟಿದಂಗೂ ಅನಿಸಂಗಿಲ್ಲ. ಬಗ್ಗಿ ನೋಡಿದಾವ ಹಂಗೇ ಬೀಳ್ತಾನ."

ನನಗೆ ಮೈ ಜುಂ ಅಂತು. ಅಜ್ಜಿಗೆ ಏನೂ ಅನಿಸಲಿಲ್ಲ. "ಹಗೇವು ಇದ್ದಂಗ ಅನ್ನು" ಅಂದಳು. ಜೋಳದ ಹಗೇವಿನ ಬಾಯಿ ತೆಗೆದು, ಗಾಳಿಯಾಡಲು ಬಿಟ್ಟು, ಆಮೇಲೆ ದೀಪ ಇಳಿಸಿ ನೋಡ್ತಿದ್ದರಂತೆ. ದೀಪ ಆರಿದರೆ ಯಾರೂ ಇಳೀತಿರಲಿಲ್ಲ.

"ನಿಮ್ಮಲ್ಲೂ ದೀಪ ಐತೇನು?"

"ದೀಪ ಹಚ್ಚಿದ್ರ ನಾವೇ ಇರಂಗಿಲ್ಲಬೇ" ಅಂತ ಅಣ್ಣ ನಕ್ಕ. ಅವನ ಎದೆಗೆ ಸಿಕ್ಕಿಸಿಕೊಳ್ಳೋ ಮೀಟರ್, ಆಕ್ಸಿಜನ್ ಶೇ. 19.5ಕ್ಕಿಂತ ಇಳಿದರೆ ಕೂಗುತ್ತೆ.

ಅಜ್ಜಿ ನಗಲಿಲ್ಲ. "ಯಾರಾದ್ರೂ ಬಿದ್ರ ಎತ್ತಾಕ ಹಂಗೇ ಇಳೀಬ್ಯಾಡ. ಹಗೇವಿನಾಗ ಎರಡನೇದಾವನೂ ಸಾಯ್ತಿದ್ದ."

ಅಣ್ಣ ತಟ್ಟೆಯಿಂದ ತಲೆ ಎತ್ತಿ, "ಇಲ್ಲಬೇ, ಇಳಿಯಂಗಿಲ್ಲ" ಅಂದ.